ಎಡಗೈಯ ಅಕ್ಷತೆ

ನನ್ನ ಮದುವೆಯ ದಿನ ನನಗೆ ಬಂದಷ್ಟು ಸಿಟ್ಟು ಇನ್ಯಾವ ಮದುಮಗಳಿಗೂ ಬಂದಿರಲಿಕ್ಕಿಲ್ಲ. ತಾಳಿ ಕಟ್ಟಿದ್ದಾಗಿತ್ತು. ಹಿರಿಯರ ಕಾಲಿಗೆ ಬೀಳುವ ಹೊತ್ತು. ಮೊದಲು ನನ್ನ ಅಮ್ಮ ರಂಗಲಕ್ಷ್ಮಮ್ಮ. ಅಮ್ಮ ಎಡಗೈಯಲ್ಲಿ ಅಕ್ಷತೆ ತೆಗೆದುಕೊಂಡಳು. ಬಲಗೈ ಇಲ್ಲ. ನಮ್ಮೂರು ಪರಿಗಿಯಲ್ಲಿ ಹಸುವಿಗೆ ಮೇವು ಕತ್ತರಿಸುವಾಗ ಮಷಿನ್‌ಗೆ ಸಿಕ್ಕಿ ಹೋಗಿತ್ತು. ಆಗ ನಾನಿನ್ನೂ ಅಂಬೆಗಾಲಿಡುತ್ತಿದ್ದೆ.

"ವದ್ದಮ್ಮಾ, ವದ್ದು! ಬೇಡ!" ಎನ್ನುತ್ತ ನನ್ನ ಗಂಡ ಹರಿಕೃಷ್ಣನ ಸೋದರತ್ತೆ ಉಮಾದೇವಿ ಅಡ್ಡ ಬಂದರು. ಕಲ್ಯಾಣದುರ್ಗದ ಅವರ ಮನೆಯಲ್ಲಿ ಈಕೆ ಹೇಳಿದ್ದೇ ಶಾಸ್ತ್ರ. "ಎಡಗೈಲಿ ಹರಸಿದ್ರೆ ಹುಡುಗೀಗೆ ಒಳ್ಳೇದಾಗಲ್ಲ ಕಣಮ್ಮ. ನಿನ್ ಬದ್ಲು ನಮ್ ನಿರ್ಮಲಮ್ಮ ಹಾಕ್ತಾಳೆ ಬಿಡು."

ಯಾರೋ ನಿರ್ಮಲಮ್ಮ! ನನ್ನ ಮುಖ ಕೂಡ ಸರಿಯಾಗಿ ನೋಡದವಳು ನನ್ನ ತಾಯಿಯ ಬದಲಿಗೆ ಹರಸಬೇಕಂತೆ. ಹರಿಕೃಷ್ಣ ಬಾಸಿಂಗ ಸರಿಮಾಡಿಕೊಳ್ಳುತ್ತ ನಿಂತಿದ್ದ, ಮಹಾಶಯ.

ಅಮ್ಮ ಅಕ್ಷತೆಯನ್ನು ತಟ್ಟೆಗೆ ಹಾಕಿ, ಕದ್ದು ಸಿಕ್ಕಿಬಿದ್ದವಳ ಹಾಗೆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ನನ್ನ ಮೈಯೆಲ್ಲ ಉರಿದುಹೋಯಿತು. ಕೂದಲಿನ ಒಂದು ಎಳೆಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಆ ಕೈಯಲ್ಲೇ ನನಗೆ ಜಡೆ ಹಾಕುತ್ತಿದ್ದಳು. ಆ ಕೈಯಲ್ಲೇ ಹಿಂದೂಪುರದ ಮಾರ್ಕೆಟ್ಟಿಗೆ ಹುಣಸೆಹಣ್ಣು ಹೊತ್ತು ನನ್ನನ್ನು ಓದಿಸಿದಳು. ಆಗ ಯಾವ ಶಾಸ್ತ್ರವೂ ಅಡ್ಡ ಬರಲಿಲ್ಲ.

ಮಂಡಿಯೂರಿ, ಬಗ್ಗಿ, ಅಮ್ಮನ ಪಾದಕ್ಕೆ ಹಣೆ ಮುಟ್ಟಿಸಿದೆ. ನಿರ್ಮಲಮ್ಮ ಹಾಕಿದ ಅಕ್ಷತೆ ಕತ್ತಿನ ಮೇಲೆ ಬಿತ್ತು. ನಾನು ಏಳಲಿಲ್ಲ.

"ಆಯ್ತಲ್ಲ, ಏಳಮ್ಮ ತ್ರಿವೇಣಿ," ಎಂದರು ಉಮಾದೇವಿ.

"ನಾನು ಬಿದ್ದಿರೋದು ನಮ್ಮಮ್ಮನ ಕಾಲಿಗೆ. ಅವಳು ಹರಸಿದ್ರೆ ಏಳ್ತೀನಿ."

ಅವರು ನನ್ನ ಹೆಗಲಿಗೆ ಕೈ ಹಾಕಿದವರು ತಟ್ಟನೆ ಹಿಂದಕ್ಕೆ ತೆಗೆದುಕೊಂಡರು. ಕಾಲಿಗೆ ಬಿದ್ದವರನ್ನು ಆಶೀರ್ವಾದಕ್ಕೆ ಮೊದಲು ಎಬ್ಬಿಸಬಾರದು. ಅದೂ ಅವರ ಶಾಸ್ತ್ರವೇ. ವಾಲಗದವರು ಬಾರಿಸುವುದನ್ನು ನಿಲ್ಲಿಸಿದರು. ಇಡೀ ಛತ್ರ ನನ್ನ ಬೆನ್ನನ್ನೇ ನೋಡುತ್ತಿತ್ತು. ನೋಡಲಿ!

"ಏಳು ತಾಯಿ, ಜನ ನೋಡ್ತಾವ್ರೆ," ಎಂದಳು ಅಮ್ಮ. "ನನ್ ಕೈಯಿಂದ ನಿಂಗೇನಾರ ಕೆಟ್ಟದಾದ್ರೆ?"

ಅಯ್ಯೋ, ಅಮ್ಮನೂ ಅದನ್ನು ನಂಬಿಬಿಟ್ಟಿದ್ದಳು. ಸಿಟ್ಟಿನ ನಡುವೆಯೇ ಅಳು ಬಂತು.

"ಇಷ್ಟು ವರ್ಷ ನನ್ ತಲೆಗೆ ಎಣ್ಣೆ ಹಚ್ಚಿದ್ದು ಯಾವ ಕೈಲಮ್ಮ? ಏನ್ ಕೆಟ್ಟದಾಯ್ತು?"

ಸೆರಗು ಸರಿದ ಸದ್ದಾಯಿತು. ಆಮೇಲೆ ಆ ಒರಟು ಕೈ ನನ್ನ ನೆತ್ತಿಯ ಮೇಲೆ ಬಂದು ಕೂತಿತು. "ಚೆನ್ನಾಗಿ ಬಾಳು ಮಗಾ."

ನಾನು ಎದ್ದೆ. ಉಮಾದೇವಿ ಮುಖ ತಿರುಗಿಸಿದರು. ಹರಿಕೃಷ್ಣ ಸೋದರತ್ತೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಕೊನೆಗೂ ಅಮ್ಮನ ಕಾಲಿಗೆ ಬಗ್ಗಿದ.

ಅಮ್ಮ ಅಕ್ಷತೆ ಹಿಡಿದು ಅಳುಕಿದಳು. "ಎಡಗೈ ಕಣಪ್ಪ. ಪರವಾಗಿಲ್ವಾ?"

ನನ್ನ ತಾಯಿ ನನ್ನ ಗಂಡನನ್ನು ಹರಸಲು ಅಪ್ಪಣೆ ಕೇಳುತ್ತಿದ್ದಳು! ಅವನು ಬಾಯಿ ತೆರೆಯುವ ಮೊದಲೇ ನಾನು ಆ ಕೈಯನ್ನು ಹಿಡಿದು ಅವನ ತಲೆಯ ಮೇಲಿಟ್ಟೆ.