ಟೈಲರಕ್ಕನ ಬಲಗಾಲು

ಟೈಲರಕ್ಕನ ಬಲಗಾಲಿಗೆ ಸ್ವಂತ ಬುದ್ಧಿ ಇಲ್ಲ ಅಂತ ಹೇಳಿದ್ದು ಅವಳ ಮೈದುನ. ಅದೂ ಇಡೀ ಬ್ಯಾಂಡಿನ ಎದುರಿಗೆ. ಹನ್ನೊಂದು ವರ್ಷದಿಂದ ಆ ಬ್ಯಾಂಡಿಗೆ ಡ್ರಮ್ಸ್ ಬಾರಿಸುತ್ತಿದ್ದವಳು ಅವಳು. ಮೈದುನ ಗಿಟಾರ್ ಹಿಡಿಯೋದು ಕಲಿತದ್ದೇ ಅವಳ ಏಟಿನ ಆಸರೆಯಲ್ಲಿ. ಈಗ ನೋಡಿ, ಒಂದು ಹೊಸ ಹಾಡು ಕಟ್ಟಿದ್ದೇ ತಡ, ಅವನಿಗೆ ಕೊಂಬು ಬಂದುಬಿಟ್ಟಿತ್ತು.

ಹಾಡೇನೋ ಚೆನ್ನಾಗೇ ಇತ್ತು. ತೊಂದರೆಯೆಲ್ಲ ಎಣಿಕೆಯಲ್ಲಿ. ಒಂದು ಸುತ್ತಿಗೆ ಹದಿನಾರು. ಕೈ ಅದನ್ನು ಐದು, ಐದು, ಮೂರು, ಮೂರು ಅಂತ ಒಡೆದು ಬಾರಿಸಬೇಕು. ಬಲಗಾಲು ಮಾತ್ರ ಕೆಳಗಿನ ದೊಡ್ಡ ಡ್ರಮ್ಮಿಗೆ ನಾಲ್ಕಕ್ಕೊಂದು ಏಟು ಕೊಡುತ್ತಾ ಹೋಗಬೇಕು. ಸುತ್ತಿನ ಮೊದಲ ಏಟಿಗೆ ಎರಡೂ ಸೇರಬೇಕು, ಆಮೇಲೆ ಅದರದರ ದಾರಿ ಅದಕ್ಕೆ. ಆದರೆ ಟೈಲರಕ್ಕನ ಕೈ ಎರಡನೇ ಐದಕ್ಕೆ ಒತ್ತು ಕೊಟ್ಟ ಕೂಡಲೇ ಕಾಲೂ ನಾನೂ ಬಂದೆ ಅಂತ ಹಿಂದೆಯೇ ಓಡುತ್ತಿತ್ತು.

ಶನಿವಾರದೊಳಗೆ ಬರದಿದ್ದರೆ ಬೇರೆ ಡ್ರಮ್ಮರನ್ನು ಕರೆಸುತ್ತೇನೆ ಅಂದ ಮೈದುನ. ಈ ಹಾಡಿಗೆ ಮಾತ್ರವಾ ಅಂತ ಅವಳು ಕೇಳಿದಳು. ನೋಡೋಣ ಅಂತ ಅವನು ಗಿಟಾರಿನ ತಂತಿ ಬಿಗಿ ಮಾಡತೊಡಗಿದ. ಅವಳು ಡ್ರಮ್ಮಿನ ಕೋಲುಗಳನ್ನು ಎತ್ತಿಕೊಂಡು ಮನೆಗೆ ನಡೆದಳು.

ಮೂರು ದಿನ ದಿಂಬಿನ ಮೇಲೆ ಕೋಲಾಡಿಸಿದಳು, ಕಾಲಿಗೆ ಒಂದು ಎರಡು ಮೂರು ನಾಲ್ಕು ಅಂತ ಜೋರಾಗಿ ಎಣಿಸಿಕೊಟ್ಟಳು. ಒಲೆ ಮುಂದೆ ಅದೇ, ಬಚ್ಚಲಲ್ಲೂ ಅದೇ. ಗಂಡ ತಲೆ ಚಿಟ್ಟು ಹಿಡಿದು ತಾರಸಿ ಹತ್ತಿದ. ಕಾಲು ಕೈಯ ಬಾಲ ಬಿಡಲೇ ಇಲ್ಲ. ಗುರುವಾರ ಅಂಗಡಿಯಲ್ಲಿ ಪರದೆಗೆ ನೆರಿಗೆ ಹೊಲಿಯುತ್ತಾ, ನನ್ನ ಕೈಲಾಗಲ್ಲ ಅಂತ ಅತ್ತೆಯ ಮುಂದೆ ಕಣ್ಣೀರು ಹಾಕಿದಳು.

ಅತ್ತೆ ಗುಂಡಿ ಹಚ್ಚುತ್ತಾ ಕೂತಿದ್ದವರು ತಲೆ ಕೂಡ ಎತ್ತಲಿಲ್ಲ.

"ಈಗ ನಿನ್ನ ಕಾಲು ಏನು ಮಾಡ್ತಿದೆ, ನೋಡ್ಕೋ."

ನೋಡಿಕೊಂಡಳು. ಕೈ ಒಂದು ದೊಡ್ಡ ನೆರಿಗೆ, ಎರಡು ಸಣ್ಣ ನೆರಿಗೆ ಮಡಿಚುತ್ತಾ, ಮಧ್ಯೆ ಕಣ್ಣೊರೆಸುತ್ತಾ ಇತ್ತು. ಬರಿಗಾಲು ಮಾತ್ರ ಮಷೀನಿನ ಪೆಡಲನ್ನು ಒಂದೇ ಸಮ ತುಳಿಯುತ್ತಿತ್ತು. ಇಪ್ಪತ್ತಾರು ವರ್ಷದಿಂದ ಹೀಗೇ. ಆ ಕಾಲಿಗೆ ಯಾರೂ ಯಾವತ್ತೂ ಎಣಿಸಿಕೊಟ್ಟಿರಲಿಲ್ಲ. ಅಯ್ಯೋ ನನ್ನ ಬುದ್ಧಿಗಿಷ್ಟು, ಗೊತ್ತಿದ್ದ ಕಾಲಿಗೇ ಪಾಠ ಹೇಳಲು ಹೋಗಿದ್ದೆನಲ್ಲ ಅಂತ ಅವಳಿಗೆ ನಗು ಬಂತು.

ಚಕ್ರದಿಂದ ಬೆಲ್ಟ್ ಕಳಚಿದಳು. ಸೂಜಿ ನಿಂತಿತು, ಪೆಡಲ್ ಆಡಿತು. ಕಾಲನ್ನು ಅದರ ಪಾಡಿಗೆ ಬಿಟ್ಟು, ಮಷೀನಿನ ಹಲಗೆಯ ಮೇಲೆ ಅಂಗೈಯಲ್ಲಿ ಐದು, ಐದು, ಮೂರು, ಮೂರು ಬಡಿದಳು. ಮೂರನೇ ಸುತ್ತಿಗೆ ತಪ್ಪಿತು. ಮತ್ತೆ ಶುರು. ಬಾಗಿಲು ಹಾಕುವ ಹೊತ್ತಿಗೆ ನಲವತ್ತು ಸುತ್ತು ತಪ್ಪದೆ ಬಂತು. ಪರದೆ ಅಲ್ಲೇ ಬಿದ್ದಿತ್ತು. ಬೈಯಲು ಬಂದ ಗಿರಾಕಿಯನ್ನು ಅತ್ತೆಯೇ ಸುಧಾರಿಸಿ ಕಳಿಸಿದರು.

ಶನಿವಾರ, ಬ್ಯಾಂಡು ಅಭ್ಯಾಸ ಮಾಡುವ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಹೊಸ ಡ್ರಮ್ಮರ್ ಆಗಲೇ ಬಂದು, ತೊಡೆಯ ಮೇಲೆ ಕೋಲಿಟ್ಟುಕೊಂಡು ಕಾಯುತ್ತಿದ್ದ. ಕರೆಯದಿದ್ದರೂ ಬಂದ ಅತ್ತೆ ಹಳೇ ಟೈರಿನ ಮೇಲೆ ಕೂತರು. ಟೈಲರಕ್ಕ ಯಾರ ಮುಖವನ್ನೂ ನೋಡಲಿಲ್ಲ. ಬಲಗಾಲಿನ ಚಪ್ಪಲಿ ಕಳಚಿ ಬದಿಗೆ ಸರಿಸಿದಳು, ಶುರು ಮಾಡಿದಳು.

ನಾಲ್ಕು ಸುತ್ತು, ಎಂಟು ಸುತ್ತು. ಕಾಲು ಪರದೆ ಹೊಲಿಯುತ್ತಿತ್ತು, ಕೈ ಐದು, ಐದು, ಮೂರು, ಮೂರರ ನೆರಿಗೆ ಹಾಕುತ್ತಿತ್ತು. ಹೊಸ ಡ್ರಮ್ಮರ್ ಮೊಣಕಾಲ ಮೇಲೆ ಬೆರಳಿಟ್ಟು ಎಣಿಸುತ್ತಿದ್ದವನು ದಾರಿ ತಪ್ಪಿ ಕೈ ಬಿಟ್ಟ, ಕೋಲುಗಳನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡ. ಒಂಬತ್ತನೇ ಸುತ್ತಿಗೆ ಮೈದುನನ ಗಿಟಾರೇ ನಿಂತುಹೋಯಿತು. ತನ್ನದೇ ಹಾಡಿನಲ್ಲಿ ಕಳೆದುಹೋಗಿ ಅವನು ಪೆಚ್ಚಾಗಿ ನಿಂತಿದ್ದ.

"ಅತ್ತಿಗೆ, ಸುತ್ತಿನ ಮೊದಲ ಏಟು ಎಲ್ಲಿದೆ?"

ಅವಳು ಬಾರಿಸುವುದನ್ನು ನಿಲ್ಲಿಸಲಿಲ್ಲ. ಹನ್ನೊಂದು ವರ್ಷದಲ್ಲಿ ಇಷ್ಟು ಖುಷಿ ಅವಳಿಗೆ ಆಗಿರಲಿಲ್ಲ.

"ನನ್ನ ಕಾಲು ನೋಡು," ಅಂದಳು.

ಅವನು ತಲೆ ತಗ್ಗಿಸಿ ನೋಡಿದ. ಎರಡು ಸುತ್ತು ಬಿಟ್ಟು, ಮೂರನೆಯದಕ್ಕೆ ಗಿಟಾರ್ ಸೇರಿಸಿದ.