ಕಪ್ಪು ಪಟ್ಟಿಯ ಕೆಳಗೆ

ನನ್ನ ಮದುವೆಯ ವಿಡಿಯೋದ ಎರಡು ಪಕ್ಕದಲ್ಲೂ ಕಪ್ಪು ಪಟ್ಟಿಗಳಿದ್ದವು. ನಡುವೆ ಉಳಿದ ಜಾಗದಲ್ಲಿ ನಾನು, ನನ್ನ ಗಂಡ, ಪುರೋಹಿತರು, ಎಲ್ಲರಿಗಿಂತ ಮುಂದೆ ನನ್ನ ದೊಡ್ಡಪ್ಪ ಚಿಕ್ಕಲಿಂಗಯ್ಯ. ಅರೆ ಮುಚ್ಚಿದ ಬಾಗಿಲ ಸಂದಿಯಿಂದ ಬೇರೆ ಯಾರದೋ ಮದುವೆಯನ್ನು ಇಣುಕಿ ನೋಡಿದಂತಾಗುತ್ತಿತ್ತು. ಅದನ್ನು ಹಾಕಿದಾಗಲೆಲ್ಲ ನಾನು ಅಮ್ಮನನ್ನು ಹುಡುಕುತ್ತಿದ್ದೆ. ಅವಳು ಎಲ್ಲಿಯೂ ಇರಲಿಲ್ಲ.

ಏಕೆಂದು ನನಗೆ ಗೊತ್ತಿತ್ತು. ನಾನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದರು. ಗಂಡನಿಲ್ಲದವಳು ಧಾರೆಯ ಹೊತ್ತಿಗೆ ಎದುರಿಗೆ ಬರಬಾರದೆಂದು ದೊಡ್ಡಪ್ಪ ಕಟ್ಟಪ್ಪಣೆ ಮಾಡಿದ್ದರು. ನಮ್ಮ ಕಡೆ ಮದುವೆಗೆ ಬಂದವರೆಲ್ಲ ಗಂಡು ಹೆಣ್ಣಿನ ಕೂಡಿದ ಕೈಗಳ ಮೇಲೆ ಹಾಲೆರೆಯುವ ಪದ್ಧತಿ. ತಲೆ ಬಗ್ಗಿಸಿ ಕೂತಿದ್ದ ನನಗೆ ಕಂಡದ್ದು ಕೈಗಳು ಮಾತ್ರ. ಬಳೆಯ ಕೈ, ಉಂಗುರದ ಕೈ, ಹೆಸರೇ ಗೊತ್ತಿಲ್ಲದವರ ಕೈ. ಹೂ ಕಟ್ಟಿ ಕಟ್ಟಿ ಬೆರಳ ತುದಿ ಕಪ್ಪಾಗಿದ್ದ ಅಮ್ಮನ ಕೈ ಬರಲಿಲ್ಲ. ನನ್ನನ್ನು ಸಾಕಿದ್ದು ಆ ಕೈ. ನಮ್ಮ ಕೊರಳಲ್ಲಿದ್ದ ಹಾರಗಳನ್ನು ಕಟ್ಟಿದ್ದೂ ಅದೇ. ದೊಡ್ಡಪ್ಪ ಕೊಟ್ಟದ್ದು ಒಂದು ರೇಷ್ಮೆ ಸೀರೆ, ಅದರ ಸುದ್ದಿಯನ್ನು ಊರೆಲ್ಲ ಕೇಳಿತ್ತು.

"ಧಾರೆ ಹೊತ್ತಲ್ಲಿ ನೀನೆಲ್ಲಿದ್ದೆ?" ಎಂದು ಕೇಳಿದರೆ ಅಮ್ಮ, "ಅಡಿಗೆ ಕಡೆ ಇದ್ದೆ ಕಣ್ ಮಗಾ. ಪಾಯಸ ತಳ ಹಿಡೀತಿತ್ತು," ಎನ್ನುತ್ತಿದ್ದಳು.

ನಾನು ಆ ಸಿಟ್ಟನ್ನು ಆರಲು ಬಿಡಲಿಲ್ಲ. ಹಬ್ಬಹುಣ್ಣಿಮೆಗೆ ದೊಡ್ಡಪ್ಪನ ಕಾಲಿಗೆ ಬಿದ್ದಾಗಲೂ ಬಾಯಲ್ಲಿ ನಗು, ಹೊಟ್ಟೆಯಲ್ಲಿ ಶಾಪ.

ಹೀಗಿರುವಾಗ ಊರಿನ ಸಂಘದವರು ದೊಡ್ಡಪ್ಪನಿಗೆ ಸನ್ಮಾನ ಮಾಡುವುದೆಂದು ತೀರ್ಮಾನವಾಯಿತು. ತಬ್ಬಲಿಯಾದ ತಮ್ಮನ ಮಗಳನ್ನು ತಾನೇ ಸಾಕಿ ಧಾರೆಯೆರೆದು ಕೊಟ್ಟ ಧರ್ಮಾತ್ಮ ಎಂದು ಆಹ್ವಾನ ಪತ್ರಿಕೆಯಲ್ಲಿತ್ತು. ಓದಿ ನನ್ನ ಮೈ ಉರಿದುಹೋಯಿತು. ಸಾಲದ್ದಕ್ಕೆ ಅವರೇ ನನ್ನನ್ನು ಕರೆಸಿದರು.

"ನಿನ್ನ ಧಾರೆ ವಿಡಿಯೋನ ಅವತ್ತು ದೊಡ್ಡ ಪರದೆ ಮೇಲೆ ಹಾಕುಸ್ತೀನಿ. ತಮ್ಮನ ಮಗಳಿಗೆ ಏನು ಮಾಡ್ದೆ ಅಂತ ಜನ ಕಣ್ಣಾರೆ ನೋಡ್ಲಿ. ಆದ್ರೆ ಆ ಕರೀ ಪಟ್ಟಿ ಅಸಹ್ಯವಾಗಿ ಕಾಣ್ತದೆ, ತೆಗೆಸ್ಬಿಡು. ಚಿತ್ರ ಮಾತ್ರ ಒಂಚೂರೂ ಕೆಡಬಾರದು, ನೋಡು ಮತ್ತೆ."

"ಆ ಪಟ್ಟಿ ಯಾಕೆ ಬಂತು ದೊಡ್ಡಪ್ಪ?"

"ಹಳೇ ಟೀವಿ ಅಳತೆ ಕಣವ್ವ. ಆವಾಗೆಲ್ಲ ಹಂಗೇ ಬರ್ತಿತ್ತು."

ಮೊದಲು ನಾನೇ ಫೋನಿನಲ್ಲಿ ಪಟ್ಟಿ ಕತ್ತರಿಸಿ ಚಿತ್ರ ಹಿಗ್ಗಿಸಿ ನೋಡಿದೆ. ದೊಡ್ಡಪ್ಪನ ಮುಖ ಮಸುಕಾಗಿ, ಅಡ್ಡಡ್ಡ ಊದಿಕೊಂಡು ಕುಂಬಳಕಾಯಿಯಂತಾಯಿತು. ಅದನ್ನೇ ಕೊಟ್ಟುಬಿಡುವ ಆಸೆಯಾಯಿತು. ಅಷ್ಟು ಸಣ್ಣ ಸೇಡು ನನಗೆ ಸಾಲದು ಎನ್ನಿಸಿ, ಮದುವೆಯನ್ನು ಚಿತ್ರೀಕರಿಸಿದ್ದ ಸಿದ್ದರಾಜುವಿನ ಸ್ಟುಡಿಯೋಗೆ ಹೋದೆ.

"ಇದನ್ನ ಹಿಗ್ಗಿಸಿದ್ರೆ ಮಸುಕಾಗೇ ಆಗ್ತದಕ್ಕ," ಎಂದ ಸಿದ್ದರಾಜು. "ಚಿತ್ರ ಕೆಡದಂಗೆ ಪಟ್ಟಿ ಹೋಗ್ಬೇಕು ಅಂದ್ರೆ ಪಟ್ಟಿ ಹಾಕೋಕೆ ಮುಂಚಿನ ಅಸಲೀನೇ ತೆಗೀಬೇಕು."

"ಹಾಕೋಕೆ ಮುಂಚೆ ಅಂದ್ರೆ? ಅದು ತಾನಾಗಿ ಬಂದದ್ದಲ್ವಾ?"

ಅವನು ಹೇಳಲೋ ಬೇಡವೋ ಎಂಬಂತೆ ಕತ್ತು ತುರಿಸಿಕೊಂಡ. "ಅಸಲಿ ನನ್ನ ಹತ್ರ ಇದೆ. ಮದುವೇದು ನಾನು ಯಾವತ್ತೂ ಅಳಿಸಲ್ಲ. ನಿಮ್ಮ ದೊಡ್ಡಪ್ಪನೋರು ಬಂದು, ಎಡಗಡೆ ನಿಂತಿರೋಳು ಕಾಣಬಾರದು ಅಂತ ಜೋರು ಮಾಡಿದ್ರು. ಹೆಂಗೆ ಮಾಡ್ತೀಯಾ ಅಂತ ಕೇಳಲಿಲ್ಲ. ನಾನು ಅಲ್ಲೊಂದು ಕರೀ ಪಟ್ಟಿ ಎಳೆದೆ. ಒಂದೇ ಕಡೆ ಆದ್ರೆ ವಕ್ರವಾಗಿ ಕಾಣ್ತದೆ ಅಂತ ಇನ್ನೊಂದು ಕಡೆಗೂ ಎಳೆದೆ, ಅಷ್ಟೇ."

ತಾವು ಹಾಕಿಸಿದ ಪಟ್ಟಿಯನ್ನು ದೊಡ್ಡಪ್ಪ ತಾವೇ ಗುರುತಿಸಿರಲಿಲ್ಲ. ಸಿದ್ದರಾಜು ಅಸಲಿಯನ್ನು ತೋರಿಸಿದ. ಅಮ್ಮ ಅಡಿಗೆ ಕಡೆ ಇರಲಿಲ್ಲ. ನಾನು ಅಲ್ಲೇ ಬಿಕ್ಕಿ ಬಿಕ್ಕಿ ಅತ್ತೆ. ಅತ್ತು ಮುಗಿಯುವ ಹೊತ್ತಿಗೆ ಏನು ಮಾಡಬೇಕೆಂದು ನಿರ್ಧಾರವಾಗಿತ್ತು.

ಸನ್ಮಾನದ ದಿನ ಸಮುದಾಯ ಭವನ ತುಂಬಿತ್ತು. ಹಿಂದಿನ ಸಾಲಿಗೆ ಹೊರಟಿದ್ದ ಅಮ್ಮನ ರಟ್ಟೆ ಹಿಡಿದು ಮುಂದೆಯೇ ಕೂರಿಸಿದೆ. "ಯಾರಾದ್ರೂ ಏನಾದ್ರೂ ಅಂತಾರೆ ಬಿಡೇ," ಎಂದಳು. "ಅನ್ನಲಿ, ಇವತ್ತು ನಾನೂ ಅಂತೀನಿ," ಎಂದೆ. ವೇದಿಕೆಯ ಮೇಲೆ ಪೇಟ, ಶಾಲು, ಹಾರಗಳ ನಡುವೆ ದೊಡ್ಡಪ್ಪ ಕಣ್ಣರಳಿಸಿ ಕೂತಿದ್ದರು. ಹೊಗಳಿಕೆಯೆಲ್ಲ ಮುಗಿದು ದೀಪ ಆರಿತು.

ಪರದೆಯ ಈ ಅಂಚಿನಿಂದ ಆ ಅಂಚಿನವರೆಗೆ ನನ್ನ ಮದುವೆ ತುಂಬಿಕೊಂಡಿತು. ಕಪ್ಪು ಪಟ್ಟಿಗಳಿರಲಿಲ್ಲ. ನಡುವೆ ದೊಡ್ಡಪ್ಪ ನಮ್ಮ ಕೈಗಳ ಮೇಲೆ ಹಾಲೆರೆಯುತ್ತಿದ್ದರು. ಎಡಗಡೆ, ಚಪ್ಪರದ ಕಂಬದ ಮರೆಯಲ್ಲಿ ಅಮ್ಮ ನಿಂತಿದ್ದಳು. ಅವಳ ಕೈಯಲ್ಲೊಂದು ಪುಟ್ಟ ಚೆಂಬು. ನನ್ನ ಕೈಗಳ ಮೇಲೇ ಕಣ್ಣಿಟ್ಟು, ಏನೋ ಪಿಸುಗುಟ್ಟುತ್ತ, ಅವಳು ಕಂಬದ ಬುಡಕ್ಕೆ ಹಾಲೆರೆಯುತ್ತಿದ್ದಳು. ನನ್ನ ಹತ್ತಿರ ಬರಲಾಗದವಳು ಅಲ್ಲಿಂದಲೇ ನನ್ನನ್ನು ಧಾರೆಯೆರೆದು ಕೊಡುತ್ತಿದ್ದಳು. ಅಷ್ಟರಲ್ಲಿ ದೊಡ್ಡಪ್ಪ ತಿರುಗಿ ನೋಡಿದರು. ದಡದಡನೆ ಹೋಗಿ ಅವಳ ಕೈಯಿಂದ ಚೆಂಬು ಕಿತ್ತುಕೊಂಡು, ಹಿತ್ತಲ ಕಡೆಗೆ ಬೆರಳು ತೋರಿಸಿದರು. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೊರಟುಹೋದಳು.

"ಆಫ್ ಮಾಡ್ರೋ! ಯಾವನೋ ಇದನ್ನ ಹಾಕಿದ್ದು?" ದೊಡ್ಡಪ್ಪ ಎದ್ದು ನಿಂತು ಕೂಗಿದರು.

ನಾನೂ ಎದ್ದು ನಿಂತೆ. "ನಾನೇ ದೊಡ್ಡಪ್ಪ. ನೀವು ಹೇಳಿದಂಗೆ ಕರೀ ಪಟ್ಟಿ ತೆಗೆಸಿದೀನಿ. ಚಿತ್ರ ಒಂಚೂರೂ ಕೆಡಿಸಿಲ್ಲ. ಜನ ಕಣ್ಣಾರೆ ನೋಡಲಿ."

ದೊಡ್ಡಪ್ಪನ ಪಕ್ಕದಲ್ಲಿದ್ದ ಸಂಘದ ಅಧ್ಯಕ್ಷರು ಕುರ್ಚಿಯನ್ನು ಮೆಲ್ಲಗೆ ಆಚೆ ಸರಿಸಿಕೊಂಡರು. ಸುಳ್ಳೇಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಯಿತು. ಅಷ್ಟು ಜನರ ಮುಂದೆ ಆ ಪೇಟದ ತಲೆ ತಗ್ಗಿದ್ದನ್ನು ಹಬ್ಬದೂಟದಂತೆ ಸವಿದೆ.

ಅಮ್ಮನೂ ಗೆದ್ದ ಮುಖದಲ್ಲಿರುತ್ತಾಳೆಂದು ತಿರುಗಿದೆ. ಅವಳು ದೊಡ್ಡಪ್ಪನ ಕಡೆ ನೋಡುತ್ತಲೇ ಇರಲಿಲ್ಲ.

"ಇನ್ನೊಂದ್ಸಲ ಹಾಕ್ಸು ಮಗಾ," ಎಂದಳು. "ಅವರು ಕಿತ್ಕೊಳ್ಳೋ ಹೊತ್ಗೆ ಹಾಲು ಪೂರ್ತಿ ಎರೆದಿದ್ನಾ, ಇಲ್ಲ ಅರ್ಧಕ್ಕೇ ನಿಂತೋಯ್ತಾ, ನಂಗೆ ಗೊತ್ತಾಗ್ಲೇ ಇಲ್ಲ. ನಿನ್ನ ಧಾರೆ ಅರ್ಧ ಮಾಡಿ ಕಳಿಸ್ಬಿಟ್ನೇನೋ ಅಂತ ಇಷ್ಟು ವರ್ಷ ಒಳಗೊಳಗೇ ಕೊರೀತಿತ್ತು."

ಅಸಲಿಯನ್ನು ಎರಡು ಸಲ ನೋಡಿದ್ದರೂ ನಾನು ಸಿಟ್ಟಿನಲ್ಲಿ ನೋಡಿದ್ದು ದೊಡ್ಡಪ್ಪನ ಕೈಯನ್ನೇ. ಪರದೆಗೆ ಚಿತ್ರ ಬಿಡುತ್ತಿದ್ದ ಸಿದ್ದರಾಜುವಿಗೆ ಕೂಗಿ ಹೇಳಿದೆ. ಚಿತ್ರ ಮತ್ತೆ ಶುರುವಾಯಿತು. ಅಮ್ಮ ಕುರ್ಚಿಯ ತುದಿಗೆ ಸರಿದು ಕೂತಳು. ಕಂಬದ ಬುಡಕ್ಕೆ ಇಳಿಯುತ್ತಿದ್ದ ಹಾಲು ನೂಲಿನಷ್ಟು ಸಣ್ಣಗಾಗಿ, ಹನಿಯಾಗಿ, ನಿಂತಿತು. ಆಮೇಲೆ ದೊಡ್ಡಪ್ಪನ ಕೈ ಬಂತು. ಅವರು ಕಿತ್ತುಕೊಂಡ ರಭಸಕ್ಕೆ ಚೆಂಬು ಬೋರಲಾಯಿತು. ಅದರಿಂದ ಒಂದು ಹನಿಯೂ ಬೀಳಲಿಲ್ಲ.