ಬೆಕ್ಕಿನ ಚಿತ್ರದ ಹೆಲ್ಮೆಟ್

ಕಲಾಯಿ ಅಕ್ಕನಿಗೆ ಬೇಕಾಗಿದ್ದದ್ದು ಹೆಲ್ಮೆಟ್ ಅಲ್ಲ, ಗುಂಡನೆಯ ಗಟ್ಟಿ ಉಕ್ಕು. ದೊಡ್ಡ ಪಾತ್ರೆಗಳ ತಳದ ನೆಗ್ಗು ತೆಗೆಯಬೇಕಾದರೆ ಒಳಗಿನಿಂದ ಉಬ್ಬಿದ ಆಸರೆ ಕೊಟ್ಟು ಹೊರಗಿನಿಂದ ಕೊಡತಿಯಲ್ಲಿ ಹೊಡೆಯಬೇಕು. ಮಾವನ ಕಾಲದಿಂದ ಬಂದಿದ್ದ ಆಸರೆ ಬಿರುಕು ಬಿಟ್ಟು ಕೂತಿತ್ತು. ಗುಜರಿಯವನ ರಾಶಿಯಲ್ಲಿ ಮಸಿ ಮೆತ್ತಿಕೊಂಡಿದ್ದ ಮಿಲಿಟರಿ ಟೊಪ್ಪಿ ಕಣ್ಣಿಗೆ ಬಿದ್ದದ್ದೇ ತಡ, ಅವನ ತೂತು ಬಕೆಟ್ಟಿಗೆ ಬೆಸುಗೆ ಹಾಕಿಕೊಟ್ಟು ಅದನ್ನು ಎತ್ತಿಕೊಂಡು ಬಂದಳು. ಯಾರ ಮನೆಯದು ಎಂದು ಕೇಳಿದ್ದಕ್ಕೆ ಅವನು, "ದಿನಕ್ಕೆ ಇಪ್ಪತ್ತು ಮನೆ ಸುತ್ತೋನಿಗೆ ಯಾವ ಡಬ್ಬ ಯಾರದು ಅಂತ ನೆನಪಿರುತ್ತಾ" ಎಂದು ಕೈ ತೊಳೆದುಕೊಂಡಿದ್ದ.

ಅಂಗಡಿಯ ಮುಂದೆ ಕೂತು ಬೂದಿ ಹಾಕಿ ಉಜ್ಜಿದಳು. ಅಡುಗೆಮನೆಯ ಹೊಗೆ ಕುಡಿದು ಕುಡಿದು ಕಪ್ಪಾದ ಮಸಿ. ಒಂದು ಪದರ ಹೋಯಿತು, ಎರಡನೆಯದೂ ಹೋಯಿತು. ಕೆಳಗೆ ಹಸಿರು ಬಣ್ಣ ಕಂಡಿತು. ಹಸಿರಿನ ಮೇಲೆ ಹಳದಿ ಬೆಕ್ಕೊಂದು, ಬಾಲವನ್ನು ಮೂಗಿನ ಮೇಲೆ ಎಳೆದುಕೊಂಡು, ಸುಖವಾಗಿ ಮಲಗಿತ್ತು. ಬೆಕ್ಕಿನ ಕೆಳಗೆ ದಪ್ಪಕ್ಷರದಲ್ಲಿ ಬರೆದಿತ್ತು: ಎಬ್ಬಿಸಬೇಡಿ.

ಒಳಗೆ ಕೂತಿದ್ದ ಅತ್ತೆಗೆ ತೋರಿಸಿದಳು. ಅತ್ತೆ ಕನ್ನಡಕ ಏರಿಸಿ ನೋಡಿದರು.

"ಯುದ್ಧಕ್ಕೆ ಹೋದೋನೋ, ಮಾವನ ಮನೆಗೆ ಹೋದೋನೋ?"

ಈ ಮಾತಿಗೆ ಕಲಾಯಿ ಅಕ್ಕ ನಕ್ಕಳು ನಿಜ. ಆದರೆ ಕೊಡತಿ ಎತ್ತಲು ಕೈ ಬರಲಿಲ್ಲ. ಯಾರೋ ಒಬ್ಬ ಇದನ್ನು ತಲೆಯ ಮೇಲೆ ಹೊತ್ತು ಗುಂಡಿನ ಸದ್ದಿನಲ್ಲಿ ನಿಂತಿದ್ದಾನೆ. ಇದರ ಮೇಲೆ ಇನ್ನೊಬ್ಬರ ಪಾತ್ರೆ ಬಡಿಯುವುದು ಅವಳಿಗೆ ಸರಿಕಾಣಲಿಲ್ಲ. 'ಹಳೆಯ ಮಿಲಿಟರಿ ಹೆಲ್ಮೆಟ್ ಸಿಕ್ಕಿದೆ. ಮನೆಯವರು ಗುರುತು ಹೇಳಿ ಒಯ್ಯಬಹುದು' ಎಂದು ರಟ್ಟಿನ ಮೇಲೆ ಬರೆದು ಬಾಗಿಲಿಗೆ ನೇತುಹಾಕಿದಳು. ಟೊಪ್ಪಿಯನ್ನು ಮಾತ್ರ ಬಟ್ಟೆ ಮುಚ್ಚಿ ಒಳಗಿಟ್ಟಳು.

ಮೊದಲು ಬಂದವರು ನಿವೃತ್ತ ಗುಮಾಸ್ತರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಫೋಟೋ ತೆಗೆಯಲು ಮಗಳನ್ನೂ ಕರೆತಂದಿದ್ದರು.

"ನಮ್ಮ ತಾತಂದೇ ಅದು. ಅನುಮಾನಾನೇ ಬೇಡ. ಒಬ್ಬರೇ ಒಂದು ಸೇತುವೆ ಕಾದೋರು ಅವರು."

"ಗುರುತು ಏನಾದ್ರೂ ಇತ್ತಾ, ಸ್ವಾಮಿ?"

"ಹುಲಿ ಚಿತ್ರ ಇರಬೇಕು. ತಾತ ಹುಲಿ ಅಂತಾನೇ ಹೆಸರುವಾಸಿ."

ಕಲಾಯಿ ಅಕ್ಕ ಬಟ್ಟೆ ಸರಿಸಿದಳು. ಗುಮಾಸ್ತರು ಬೆಕ್ಕನ್ನೊಮ್ಮೆ, ಅಕ್ಷರಗಳನ್ನೊಮ್ಮೆ ನೋಡಿದರು. ಹುಲಿಯ ಜಾತಿಗೇ ಸೇರಿದ್ದಲ್ಲವೇ ಎಂದು ಮಗಳು ಮೆಲ್ಲಗೆ ಅಂದಳು. ಅವರು ಅವಳ ಕಡೆ ಕಣ್ಣು ಬಿಟ್ಟು, "ನಮ್ಮ ತಾತ ಜೀವಮಾನದಲ್ಲೇ ಹಗಲು ಮಲಗಿದೋರಲ್ಲ" ಎಂದು ಮೆಟ್ಟಿಲಿಳಿದರು.

ಮಧ್ಯಾಹ್ನ ಬಂದ ಹೋಟೆಲಿನ ಯಜಮಾನ ತನ್ನ ದೊಡ್ಡಪ್ಪನ ಪರಾಕ್ರಮವನ್ನು ಅರ್ಧ ಗಂಟೆ ಬಣ್ಣಿಸಿದ. ಟೊಪ್ಪಿಯನ್ನು ಗಲ್ಲಾಪೆಟ್ಟಿಗೆಯ ಮೇಲ್ಗಡೆ ಎಲ್ಲಿ ನೇತುಹಾಕುವುದೆಂದೂ ಗೊತ್ತುಮಾಡಿಕೊಂಡಿದ್ದ. ಬೆಕ್ಕನ್ನು ಕಂಡದ್ದೇ ದೊಡ್ಡಪ್ಪನ ತಲೆ ಇದಕ್ಕಿಂತ ಬಹಳ ದೊಡ್ಡದೆಂದು ನೆನಪಾಯಿತು. ಹುಲಿ, ಸಿಂಹ, ಕತ್ತಿ ಇದ್ದಿದ್ದರೆ ಹತ್ತು ಮನೆಯವರು ಜುಟ್ಟು ಹಿಡಿದು ಜಗಳಾಡುತ್ತಿದ್ದರು. ಮಲಗಿದ ಬೆಕ್ಕಿಗೆ ವಾರಸುದಾರರೇ ಇಲ್ಲ.

"ಬೇಡದ ಉಸಾಬರಿ ಹೊತ್ತುಕೊಂಡ ಹಾಗಾಯ್ತು. ಗಿಡವಾದರೂ ನೆಡು ಅದರಲ್ಲಿ" ಎಂದರು ಅತ್ತೆ.

ಮೂರನೆಯ ದಿನ ಕಲಾಯಿ ಅಕ್ಕ ಟೊಪ್ಪಿಯನ್ನು ಮಗುಚಿ ಒಳಗಿನ ತೊಗಲಿನ ಪಟ್ಟಿಯನ್ನು ಒರೆಸುತ್ತಿದ್ದಳು. ನಂಬರು ಇದ್ದೀತೇನೋ ಎಂಬ ಆಸೆ. ನಂಬರು ಸವೆದುಹೋಗಿತ್ತು. ಆದರೆ ಪಟ್ಟಿಯ ಹಿಂದೆ ಏನೋ ದಪ್ಪಗೆ ಕೈಗೆ ತಗುಲಿತು. ಚಿಮಟದಿಂದ ಎಳೆದಳು. ಎಣ್ಣೆಕಾಗದದಲ್ಲಿ ಸುತ್ತಿ, ಉದ್ದಕ್ಕೆ ಮಡಚಿದ ಹಾಳೆಗಳು. ದೊಡ್ಡದಾದ ಟೊಪ್ಪಿ ತಲೆಗೆ ಬಿಗಿಯಾಗಿ ಕೂರಲೆಂದು ತುರುಕಿದ್ದಿರಬೇಕು.

ಬಿಡಿಸಿದರೆ ಅದೊಂದು ಪತ್ರ. ಹೆಣ್ಣುಮಗಳೊಬ್ಬಳ ಗುಂಡು ಗುಂಡು ಬರಹ. 'ನೀವು ಸುಕವಾಗಿದ್ದೀರೆಂದು ನಂಬಿದ್ದೇನೆ. ದೈರ್ಯವಾಗಿರಿ. ಚಳಿಗೆ ಕಿವಿ ಮುಚ್ಚಿಕೊಳ್ಳಿ. ಬೇಗ ಬನ್ನಿ ತಡ ಮಾಡಿದರೆ ಚಿಕ್ಕಪ್ಪ ಬೇರೆ ಗಂಡು ನೋಡುತ್ತಾರಂತೆ.'

ಓದುತ್ತಿದ್ದಂತೆ ಅಕ್ಕನ ಬೆನ್ನು ತನಗೆ ತಾನೇ ನೆಟ್ಟಗಾಯಿತು. ಪತ್ರದ ತುಂಬ ಕೆಂಪು ಪೆನ್ಸಿಲ್ ಓಡಾಡಿತ್ತು. 'ಸುಕ'ದ ಕೆಳಗೆ ಗಂಟಿಕ್ಕಿದ ಹುಬ್ಬಿನಂಥ ಗೆರೆ, ಪಕ್ಕದಲ್ಲಿ 'ಸುಖ'. 'ದೈರ್ಯ'ದ ಕೆಳಗೂ ಹುಬ್ಬು, ಪಕ್ಕದಲ್ಲಿ 'ಧೈರ್ಯ'. 'ಬೇಗ ಬನ್ನಿ' ಎಂಬಲ್ಲಿ, 'ಪೂರ್ಣವಿರಾಮ ಎಲ್ಲಿ?' ಕೊನೆಯಲ್ಲಿ ಸೊಟ್ಟ ಸೊನ್ನೆಯೊಳಗೆ, ಹತ್ತಕ್ಕೆ ಆರು.

ಆ ಹುಬ್ಬು ಅವಳಿಗೆ ಗೊತ್ತು. ಶಾಲೆಯಲ್ಲಿ ನಾಲ್ಕು ವರ್ಷ ಅವಳ ನೋಟುಬುಕ್ಕಿನ ಪ್ರತಿ ಪುಟದಲ್ಲೂ ಅದು ಗಂಟಿಕ್ಕಿಕೊಂಡು ಕೂತಿತ್ತು. ಮದುವೆಯಾಗಬೇಕಾದ ಹುಡುಗಿಯ ಪತ್ರವನ್ನು ತಿದ್ದಿ ಅಂಕ ಕೊಡುವ ಗಂಡಸು ಭೂಮಿಯ ಮೇಲೆ ಒಬ್ಬನೇ ಇರಲು ಸಾಧ್ಯ.

"ಅತ್ತೆ, ಇದು ಮಹಾಪ್ರಾಣ ಮೇಷ್ಟ್ರದು."

"ನಿದ್ದೆ ಮಾಡಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ರಲ್ಲ, ಅವರದಾ?"

"ಅವರದೇ. ಗುಂಡು ಹಾರೋ ಕಡೆ ಪ್ರಾಣ ಉಳಿಸಿಕೊಳ್ಳೋದೇ ಕಷ್ಟ. ಇವರಿಗೆ ಮಹಾಪ್ರಾಣದ ಚಿಂತೆ."

ಮೇಷ್ಟ್ರ ಮನೆ ಎರಡು ಬೀದಿ ಆಚೆ. ಪತ್ರವನ್ನು ಟೊಪ್ಪಿಯೊಳಗೇ ಇಟ್ಟು ಚೀಲದಲ್ಲಿ ಹಾಕಿಕೊಂಡು ಹೊರಟಳು. ಐವತ್ತು ದಾಟಿದ ಹೆಂಗಸು, ಹತ್ತಾರು ಅಂಗಡಿಯವರ ಬಾಯಿ ಮುಚ್ಚಿಸಿದವಳು, ಆ ಬಾಗಿಲಲ್ಲಿ ನಿಂತಾಗ ಉಗುರಿನಲ್ಲಿ ಮಸಿ ಇದೆಯೇ ಎಂದು ನೋಡಿಕೊಂಡಳು. ಇತ್ತು.

ಬಾಗಿಲು ತೆರೆದವರು ಮೇಷ್ಟ್ರ ಹೆಂಡತಿ. ಮೇಷ್ಟ್ರು ಅಡುಗೆಮನೆಯ ಅಟ್ಟಕ್ಕೆ ಏಣಿ ಹಾಕಿಕೊಂಡು ಅರ್ಧದಲ್ಲಿ ನಿಂತಿದ್ದರು. ವಯಸ್ಸು ತೊಂಬತ್ತಕ್ಕೆ ಹತ್ತಿರ.

"ನೋಡಮ್ಮಾ, ಒಂದು ವಾರದಿಂದ ಹತ್ತೋದು ಇಳಿಯೋದು. ಏನು ಹುಡುಕ್ತೀರಿ ಅಂದ್ರೆ ಗಾಳಿ ಅಂತಾರೆ" ಎಂದರು ಆಕೆ.

"ನಿಮ್ಮ ಹೆಲ್ಮೆಟ್ಟು, ಮೇಷ್ಟ್ರೇ" ಎಂದು ಕಲಾಯಿ ಅಕ್ಕ ಟೊಪ್ಪಿಯನ್ನು ಮೇಜಿನ ಮೇಲಿಟ್ಟಳು. ಮೇಷ್ಟ್ರು ಏಣಿಯಿಂದ ಇಳಿದು ಬಂದರು. ಬೆಕ್ಕನ್ನು ನೋಡಿದರು, ಹಳೆಯ ವಿದ್ಯಾರ್ಥಿನಿಯನ್ನು ನೋಡಿದರು.

"ಯಾವ ಹೆಲ್ಮೆಟ್ಟು ಇದು? ಶಿರಸ್ತ್ರಾಣ ಅನ್ನಬೇಕು. ನನ್ನದಲ್ಲ."

"ಅಯ್ಯೋ, ಇದನ್ನ ನಾನೇ ಅಲ್ವಾ ಹೋದ ವಾರ ಗುಜರಿಗೆ ಹಾಕಿದ್ದು?" ಎಂದರು ಹೆಂಡತಿ. "ಹಳೇ ಬಾಣಲೆ ಅಂದುಕೊಂಡೆ. ನಿಮ್ಮದಲ್ಲದ್ದನ್ನ ಯಾಕೆ ಹುಡುಕ್ತಿದ್ರಿ?"

ಹಾಗೆ ಕೇಳುವಷ್ಟರಲ್ಲೇ ಆಕೆಯ ಕೈ ಟೊಪ್ಪಿಯೊಳಗಿನ ಹಾಳೆಯ ಮೇಲೆ ಬಿದ್ದಿತ್ತು. ಕಲಾಯಿ ಅಕ್ಕ ತಡೆಯಬೇಕೆಂದುಕೊಂಡಳು. ಆದರೆ ಬಾಣ ಬಿಲ್ಲಿನಿಂದ ಹೋಗಿಯಾಗಿತ್ತು. ಆಕೆ ಕಿಟಕಿಯ ಬೆಳಕಿಗೆ ಹಿಡಿದು ಮೊದಲಿನಿಂದ ಕೊನೆಯವರೆಗೆ, ಕೆಂಪನ್ನೂ ಬಿಡದೆ ಓದಿದರು.

"ಹತ್ತಕ್ಕೆ ಆರಾ?"

"ಅಕ್ಷರದೋಷ ಇತ್ತು" ಎಂದರು ಮೇಷ್ಟ್ರು. ಆ ಧ್ವನಿಯಲ್ಲಿ ಮೇಷ್ಟ್ರುತನ ಅರ್ಧಕ್ಕಿಂತ ಕಡಿಮೆ ಇತ್ತು.

ಆಕೆ ಒಳಗೆ ಹೋಗಿ ಟ್ರಂಕು ತೆರೆದರು. ಹಳದಿಯಾದ ಕಾರ್ಡೊಂದನ್ನು ತಂದು ಮೇಷ್ಟ್ರ ಮುಂದಿಟ್ಟರು. "ಇದಕ್ಕೆ ಆಗ ನೀವು ಬರೆದ ಉತ್ತರ. ಓದಿ."

ಮೇಷ್ಟ್ರು ಓದಿದರು. "ಪತ್ರ ತಲುಪಿತು. ಆರೋಗ್ಯವಾಗಿದ್ದೇನೆ. ಇಲ್ಲಿ ಚಳಿ ಇದೆ."

"ಎಷ್ಟು ಅಂಕ?"

"ಅಕ್ಷರ ತಪ್ಪಿಲ್ಲ."

"ವಿಷಯಕ್ಕೆ?"

ಮೇಷ್ಟ್ರು ಕಾರ್ಡನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು, ಅಲ್ಲಿ ಬರೀ ವಿಳಾಸವಿತ್ತು. ಪ್ರಾಮಾಣಿಕ ಮನುಷ್ಯ. "ವಿಷಯಕ್ಕೆ ಸೊನ್ನೆ" ಎಂದರು.

ಹೋಗುವುದೋ ನಿಲ್ಲುವುದೋ ತಿಳಿಯದೆ ಕಲಾಯಿ ಅಕ್ಕ ಚೀಲ ಮಡಚುತ್ತಿದ್ದಳು. ಮೇಷ್ಟ್ರು ಕುರ್ಚಿ ತೋರಿಸಿ ಕೂರಲು ಹೇಳಿ, ಹೆಂಡತಿಯ ಕಡೆ ನೋಡದೆ ಟೊಪ್ಪಿಯನ್ನು ನೋಡುತ್ತ ಮಾತಾಡಿದರು.

"ಬಂದ ಕಾಗದ ಎಲ್ಲಾ ಒಲೆ ಹಚ್ಚೋಕೆ ಹೋಗ್ತಿತ್ತು. ಕಟ್ಟಿಗೆ ಒದ್ದೆ. ಇದೊಂದನ್ನ ಕೊಡಲಿಲ್ಲ. ದಿನಾ ತೆಗೆದು ಓದ್ತಿದ್ದೆ. ಸುಮ್ನೆ ಓದಿದ್ರೆ ಜೊತೆಯವರು ನಗ್ತಾರೆ. ಅದಕ್ಕೇ ಕೆಂಪು ಪೆನ್ಸಿಲ್ ಹಿಡ್ಕೊಂಡೆ. ತಿದ್ದುತ್ತಿದೀನಿ ಅಂದುಕೊಳ್ಳಲಿ ಅಂತ."

ಆಕೆ ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

"ಬೆಕ್ಕು ಯಾಕೆ ಮೇಷ್ಟ್ರೇ?" ಎಂದು ಕೇಳಿದಳು ಕಲಾಯಿ ಅಕ್ಕ.

"ಮೂರು ದಿನ ಕಣ್ಣು ಮುಚ್ಚದೆ ಕಾವಲು ಕಾದಿದ್ವಿ. ನಾಲ್ಕನೇ ದಿನ ದೊಡ್ಡ ಅಧಿಕಾರಿ ಬಂದು ಭಾಷಣ ಶುರುಮಾಡಿದ. ನಾನು ಸಾಲಲ್ಲಿ ನಿಂತಲ್ಲೇ ನಿದ್ದೆ. ಗೊರಕೆ ಬೇರೆ. ಪಕ್ಕದೋನು ತಿವಿಯೋಕೆ ಹೋದ. ಅಧಿಕಾರಿ, ಎಬ್ಬಿಸಬೇಡಿ ಅಂದನಂತೆ. ಉಳಿದ ಭಾಷಣ ಪಿಸುಮಾತಲ್ಲಿ ಮುಗಿಸಿದನಂತೆ. ಆಮೇಲೆ ನಮ್ಮ ತುಕಡಿಯವರು ಇದನ್ನ ಬರೆದ್ರು."

ಅಕ್ಕ ನಲವತ್ತು ವರ್ಷದ ಸಿಟ್ಟು ಹೊರಹಾಕಿದಳು. "ಮತ್ತೆ ನಮ್ಮನ್ನ ಯಾಕೆ ಬೆಂಚಿನ ಮೇಲೆ ನಿಲ್ಲಿಸ್ತಿದ್ರಿ?"

"ನೀನು ಬೆಂಚಿನ ಮೇಲೂ ಗೋಡೆಗೆ ಒರಗಿ ನಿದ್ದೆ ಮಾಡ್ತಿದ್ದೆ. ಒಂದು ದಿನವಾದ್ರೂ ಎಬ್ಬಿಸಿದೀನಾ?"

ಅವಳು ನೆನೆಸಿಕೊಂಡಳು. ಬೆಳಗಿನ ಜಾವಕ್ಕೇ ಎದ್ದು ಅಪ್ಪನ ಕುಲುಮೆಯ ತಿದಿ ಒತ್ತಿ ಶಾಲೆಗೆ ಓಡುತ್ತಿದ್ದ ದಿನಗಳು. ಗೋಡೆಯ ತಂಪು. ಗಂಟೆ ಹೊಡೆದ ಮೇಲಷ್ಟೇ ಕಣ್ಣು ಬಿಡುತ್ತಿದ್ದದ್ದು. ಇಲ್ಲ, ಎಬ್ಬಿಸಿರಲಿಲ್ಲ.

ಮೇಷ್ಟ್ರ ಹೆಂಡತಿ ಮೂರು ಲೋಟ ಚಹಾ ತಂದರು. ಪತ್ರ ಅವರ ಸೊಂಟದಲ್ಲಿತ್ತು. ಟೊಪ್ಪಿಯನ್ನು ಮೇಷ್ಟ್ರು ಮಡಿಲಲ್ಲಿ ಇಟ್ಟುಕೊಂಡಿದ್ದರು.

ಅಂಗಡಿಗೆ ಬಂದು ಕಲಾಯಿ ಅಕ್ಕ ನಡೆದದ್ದನ್ನೆಲ್ಲ ಒಂದೂ ಬಿಡದೆ ಅತ್ತೆಗೆ ಹೇಳಿದಳು.

"ನಿನ್ನ ಮಾವ ನನಗೆ ಒಂದು ಸಾಲೂ ಬರೀಲಿಲ್ಲ ಕಣೇ."

"ಬರೆಯೋಕೆ ಅವರು ನಿಮ್ಮನ್ನ ಬಿಟ್ಟು ಎಲ್ಲಿಗೂ ಹೋಗಲೇ ಇಲ್ವಲ್ಲ ಅತ್ತೆ."

"ಎಲ್ಲಿಗಾದ್ರೂ ಹೋಗಿ ಅಂತ ಎಷ್ಟು ಸಲ ಹೇಳಿದ್ದೆ ನಾನು" ಎಂದರು ಅತ್ತೆ, ಕಾಲು ಚಾಚಿಕೊಳ್ಳುತ್ತ.